ಒಂದು ದೊಡ್ಡದು ಸಾಕಲ್ವಾ? ಪುಟ್ಟ ಮಕ್ಕಳಿಗೆ ಉಪಗ್ರಹಗಳ ಗುಂಪನ್ನು ವಿವರಿಸುವುದು ಹೇಗೆ

ಪ್ರಶ್ನೆ: ನಮಸ್ಕಾರ ಸರ್. ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಸಣ್ಣ ಸರ್ಕಾರಿ ಶಾಲೆಯ ಟೀಚರ್. ನಲಿಕಲಿಯ ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೇ ಕೂರುತ್ತಾರೆ. ಮೊನ್ನೆ ಸಂಜೆ ಕೆಲವು ಮಕ್ಕಳು ಆಕಾಶದಲ್ಲಿ ದೀಪಗಳ ಸಾಲೊಂದು ಹೋಗುವುದನ್ನು ನೋಡಿದ್ದಾರೆ. ಅವು ಉಪಗ್ರಹಗಳು ಎಂದು ಮನೆಯಲ್ಲಿ ಹೇಳಿದ್ದಾರಂತೆ. ಅವತ್ತಿನಿಂದ ಪ್ರಶ್ನೆ ನಿಂತಿಲ್ಲ. 'ಅಷ್ಟೊಂದು ಯಾಕೆ, ಒಂದು ದೊಡ್ಡದು ಸಾಕಲ್ವಾ?' 'ಅವು ಒಂದಕ್ಕೊಂದು ಮಾತಾಡ್ತಾವಾ?' 'ಡಿಕ್ಕಿ ಹೊಡೆಯಲ್ವಾ?' 'ಒಂದು ಹಾಳಾದ್ರೆ ಏನ್ ಮಾಡ್ತಾರೆ?' ನಮ್ಮಲ್ಲಿ ಪ್ರೊಜೆಕ್ಟರ್ ಇಲ್ಲ. ಫೋನಿಗೆ ನೆಟ್‌ವರ್ಕ್ ಬೇಕೆಂದರೆ ಗುಡ್ಡ ಹತ್ತಬೇಕು. ಇಷ್ಟು ಚಿಕ್ಕವರಿಗೆ ಇದನ್ನೆಲ್ಲ ಹೇಗೆ ಹೇಳುವುದು?

ಉತ್ತರ: ಟೀಚರ್, ಮಕ್ಕಳು ಕೇಳಿದ ಮೊದಲ ಪ್ರಶ್ನೆಯಿಂದಲೇ ಪಾಠ ಶುರು ಮಾಡಿ. ಒಂದು ದೊಡ್ಡದು ಯಾಕೆ ಸಾಲದು ಎನ್ನುವುದನ್ನು ಅವರೇ ಕಂಡುಕೊಂಡರೆ ಮುಕ್ಕಾಲು ಕೆಲಸ ಮುಗಿಯಿತು. ರಾಕೆಟ್ಟಿನಿಂದ ಮಾತ್ರ ಶುರು ಮಾಡಬೇಡಿ. ರಾಕೆಟ್ ಬಂತೆಂದರೆ ಮಕ್ಕಳ ಗಮನವೆಲ್ಲ ಬೆಂಕಿ, ಹೊಗೆ, ಹತ್ತು ಒಂಬತ್ತು ಎಂಟು ಎಂದು ಎಣಿಸುವುದರ ಕಡೆಗೇ ಹೋಗುತ್ತದೆ. ಉಪಗ್ರಹದ ನಿಜವಾದ ಕೆಲಸ ಶುರುವಾಗುವುದು ಆ ಗದ್ದಲವೆಲ್ಲ ಮುಗಿದ ಮೇಲೆ.

ಮೊದಲು, ಅವರು ನೋಡಿದ್ದು ಏನು ಎಂದು ಹೇಳಿಬಿಡಿ. ಸಾಲಾಗಿ, ಮಿಣುಕದೆ, ಒಂದರ ಹಿಂದೆ ಒಂದು ಹೋಗಿದ್ದರೆ ಅದು ಸ್ಟಾರ್‌ಲಿಂಕ್ ಎಂಬ ಇಂಟರ್ನೆಟ್ ಉಪಗ್ರಹಗಳ ಸಾಲೇ ಇರಬೇಕು. 2019ರ ಮೇ ತಿಂಗಳಲ್ಲಿ ಒಂದೇ ರಾಕೆಟ್ಟಿನಲ್ಲಿ ಇಂಥ 60 ಉಪಗ್ರಹಗಳು ಹೋದವು. ಆಮೇಲೆ ಕಂತು ಕಂತಾಗಿ ಹೋಗಿ ಈಗ ಸಾವಿರಾರು ಇವೆ. ರಾಕೆಟ್ ಇಳಿಸಿದ ಮೊದಲ ಕೆಲವು ದಿನ ಅವು ಹತ್ತಿರ ಹತ್ತಿರ ಇರುತ್ತವೆ, ಅದಕ್ಕೇ ಸಾಲು ಕಾಣುತ್ತದೆ. ಆಮೇಲೆ ಒಂದೊಂದೂ ತನ್ನ ಪುಟ್ಟ ಎಂಜಿನ್ ಬಳಸಿ ಸುಮಾರು 550 ಕಿಲೋಮೀಟರ್ ಎತ್ತರಕ್ಕೆ ಏರಿ ದೂರ ದೂರ ಹರಡಿಕೊಳ್ಳುತ್ತದೆ. ಆಗ ಸಾಲು ಕಾಣುವುದಿಲ್ಲ. ಅವುಗಳಲ್ಲಿ ದೀಪ ಇಲ್ಲ ಎನ್ನುವುದನ್ನೂ ಹೇಳಿ. ನಮಗೆ ಇಲ್ಲಿ ಕತ್ತಲಾದರೂ ಅಷ್ಟು ಎತ್ತರದಲ್ಲಿ ಇನ್ನೂ ಬಿಸಿಲು ಇರುತ್ತದೆ. ಆ ಬಿಸಿಲು ಅವುಗಳ ಮೈಮೇಲೆ ಬಿದ್ದು ಹೊಳೆಯುತ್ತದೆ, ಅಷ್ಟೇ.

ಇನ್ನು ಒಂದು ಯಾಕೆ ಸಾಲದು ಎಂಬ ವಿಷಯ. ಶಾಲೆಯಲ್ಲಿ ಒಂದು ಫುಟ್‌ಬಾಲ್ ಇದ್ದೇ ಇರುತ್ತದೆ. ಅದನ್ನೇ ಭೂಮಿ ಮಾಡಿ. ಈಗ ಮಕ್ಕಳನ್ನು ಕೇಳಿ: 'ಉಪಗ್ರಹ ಎಲ್ಲಿರುತ್ತೆ? ಬೆರಳಲ್ಲಿ ತೋರಿಸಿ.' ಬಹಳಷ್ಟು ಮಕ್ಕಳು ಕೈಯನ್ನು ತಲೆಯ ಮೇಲೆ ಎತ್ತುತ್ತಾರೆ, ಕೆಲವರು ಮಾಡಿನ ಕಡೆ ತೋರಿಸುತ್ತಾರೆ. ಆಮೇಲೆ ನಿಜವಾದ ಜಾಗ ತೋರಿಸಿ. ಫುಟ್‌ಬಾಲ್ ಭೂಮಿಯಾದರೆ ಅವರು ನೋಡಿದ ಸ್ಟಾರ್‌ಲಿಂಕ್ ಅದರ ಮೈಯಿಂದ ಒಂದು ಸೆಂಟಿಮೀಟರ್ ದೂರದಲ್ಲಿ, ಹೆಚ್ಚು ಕಡಿಮೆ ಒಂದು ಬೆರಳಿನ ದಪ್ಪದಷ್ಟು ಮೇಲೆ. ಫೋನಿನಲ್ಲಿ ದಾರಿ ತೋರಿಸುವ ಜಿಪಿಎಸ್ ಉಪಗ್ರಹಗಳು ಒಂದಡಿಗಿಂತ ಸ್ವಲ್ಪ ಜಾಸ್ತಿ ದೂರದಲ್ಲಿ. ಮನೆಯ ಮೇಲಿನ ಡಿಶ್ ಬುಟ್ಟಿ ಯಾವ ಉಪಗ್ರಹದ ಕಡೆ ಮುಖ ಮಾಡಿದೆಯೋ ಅದು ಎರಡಡಿ ದೂರದಲ್ಲಿ. ಇವುಗಳ ನಿಜವಾದ ಎತ್ತರ 550, 20,200 ಮತ್ತು ಸುಮಾರು 36,000 ಕಿಲೋಮೀಟರ್. ಆ ಅಂಕಿ ನಿಮಗೆ ಗೊತ್ತಿದ್ದರೆ ಸಾಕು. ಮಕ್ಕಳಿಗೆ ಬೆರಳು, ಒಂದಡಿ, ಎರಡಡಿ ಸಾಕು.

ಈಗ ಕೋಣೆಯ ಕಿಟಕಿ ಮುಚ್ಚಿ ಒಂದು ಬ್ಯಾಟರಿ ಹಚ್ಚಿ. ಬ್ಯಾಟರಿಯನ್ನು ಚೆಂಡಿನ ಮೈಗೆ ತೀರಾ ಹತ್ತಿರ ಹಿಡಿಯಿರಿ. ಬೆಳಕು ಒಂದು ಸಣ್ಣ ಚಕ್ರವಾಗಿ ಬೀಳುತ್ತದೆ. ನಿಧಾನವಾಗಿ ದೂರ ಒಯ್ಯಿರಿ. ಚಕ್ರ ದೊಡ್ಡದಾಗುತ್ತ ಹೋಗುತ್ತದೆ. ಆದರೆ ಎಷ್ಟೇ ದೂರ ಹೋದರೂ ಚೆಂಡಿನ ಆ ಕಡೆಯ ಮೈಗೆ ಬೆಳಕು ಬೀಳುವುದೇ ಇಲ್ಲ. ಇಲ್ಲಿ ನೀವು ಸುಮ್ನೆ ನಿಂತುಬಿಡಿ. ಯಾರಾದರೂ ಒಬ್ಬರು 'ಆ ಕಡೆಗೆ ಇನ್ನೊಂದು ಬ್ಯಾಟರಿ ಬೇಕು' ಎಂದೇ ಹೇಳುತ್ತಾರೆ. ಅದನ್ನು ಮಕ್ಕಳ ಬಾಯಿಂದಲೇ ಬರಿಸಬೇಕು, ನಾವು ಹೇಳಿಬಿಟ್ಟರೆ ಸ್ವಾರಸ್ಯ ಹೋಯಿತು. ಆಮೇಲೆ ಕೇಳಿ: ದೂರ ಹಿಡಿದರೆ ಎಷ್ಟು ಬ್ಯಾಟರಿ ಬೇಕು? ಹತ್ತಿರ ಹಿಡಿದರೆ ಎಷ್ಟು? ದೂರಕ್ಕೆ ಮೂರು ನಾಲ್ಕು ಸಾಕು, ಹತ್ತಿರಕ್ಕೆ ಬಹಳ ಬೇಕು ಎಂದು ಎಣಿಸಿಯೇ ಹೇಳುತ್ತಾರೆ. ಸ್ಟಾರ್‌ಲಿಂಕ್ ಸಾವಿರಾರು ಯಾಕೆ ಎನ್ನುವುದಕ್ಕೆ ಇದೇ ಉತ್ತರ.

ಹಾಗಾದರೆ ಎಲ್ಲವನ್ನೂ ದೂರವೇ ಇಡಬಹುದಲ್ಲ ಎಂದು ಮೂರನೇ ಕ್ಲಾಸಿನ ಜಾಣರು ಕೇಳಬಹುದು. ಒಳ್ಳೆಯ ಪ್ರಶ್ನೆ. ದೂರದ ಉಪಗ್ರಹಕ್ಕೆ ನಮ್ಮ ಮಾತು ಹೋಗಿ ಕೆಳಗೆ ಬರಲು ಸುಮಾರು ಕಾಲು ಸೆಕೆಂಡ್ ಬೇಕು. ಕೇಳಿದ ಪ್ರಶ್ನೆಗೆ ಉತ್ತರ ಅದೇ ದಾರಿಯಲ್ಲಿ ವಾಪಸ್ ಬರುವಷ್ಟರಲ್ಲಿ ಅರ್ಧ ಸೆಕೆಂಡ್. ಟಿವಿ ನೋಡಲು ಅದು ತೊಂದರೆಯಲ್ಲ, ವಿಡಿಯೋ ಕಾಲ್ ಮಾಡುವವರಿಗೆ ಕಿರಿಕಿರಿ. ಹತ್ತಿರದ್ದಕ್ಕೆ ಆ ತಡ ಇಲ್ಲ. ಆದರೆ ಹತ್ತಿರದ್ದಕ್ಕೆ ಬೇರೆ ಕಷ್ಟ ಇದೆ, ಅದು ನಿಲ್ಲುವುದಿಲ್ಲ. ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ಓಡುತ್ತದೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಗಂಟೆಗೂ ಜಾಸ್ತಿ ಹಿಡಿಯುತ್ತದಲ್ಲ, ಅಷ್ಟು ದೂರ ಅದಕ್ಕೆ ಎಂಟು ಸೆಕೆಂಡಿನ ದಾರಿ. ಭೂಮಿಯನ್ನೇ ಸುಮಾರು 95 ನಿಮಿಷಕ್ಕೆ ಒಂದು ಸುತ್ತು ಹಾಕುತ್ತದೆ. ನಮ್ಮ ತಲೆಯ ಮೇಲೆ ಇರುವುದು ಕೆಲವೇ ನಿಮಿಷ. ಅದು ಹೋಗುವಷ್ಟರಲ್ಲಿ ಇನ್ನೊಂದು ಬಂದಿರಬೇಕು.

ಈ ಕೈಬದಲಾವಣೆ ನಿಮ್ಮ ಮಕ್ಕಳಿಗೆ ಮನೆಯಲ್ಲೇ ಗೊತ್ತಿರುವ ವಿಷಯ. ಗದ್ದೆಗೆ ಹಂದಿ ಬರುವ ಕಾಲದಲ್ಲಿ ಮಾಳ, ಅಂದರೆ ಕಾವಲಿನ ಅಟ್ಟಣೆ, ಕಟ್ಟಿ ರಾತ್ರಿ ಕಾಯುತ್ತಾರಲ್ಲ? ಒಂದು ಮಾಳದಿಂದ ಇಡೀ ಬಯಲು ಕಾಣುವುದಿಲ್ಲ. ಒಬ್ಬರ ಮಗ್ಗುಲಿನಿಂದ ಹಂದಿ ದಾಟಿತು ಎಂದಾದರೆ ಅವರು ಕೂ ಹಾಕುತ್ತಾರೆ, ಪಕ್ಕದ ಮಾಳದವರು ಎಚ್ಚರಾಗುತ್ತಾರೆ. ಇಷ್ಟು ಹೇಳಿ ಬಿಡಿ, ಮುಂದಿನದನ್ನು ಮಕ್ಕಳೇ ಜೋಡಿಸಿಕೊಳ್ಳುತ್ತಾರೆ. ಇರಿಡಿಯಂ ಎಂಬ ಫೋನ್ ಉಪಗ್ರಹಗಳ ಗುಂಪು ಮಾಡುವುದು ಇದನ್ನೇ. ಅದರಲ್ಲಿ 66 ಉಪಗ್ರಹಗಳಿವೆ, ಸುಮಾರು 780 ಕಿಲೋಮೀಟರ್ ಎತ್ತರದಲ್ಲಿ. ಒಂದೊಂದೂ ತನ್ನ ಹಿಂದಿನ, ಮುಂದಿನ, ಎರಡೂ ಪಕ್ಕದ ಉಪಗ್ರಹಗಳ ಜೊತೆ ರೇಡಿಯೋದಲ್ಲಿ ಸಂಪರ್ಕ ಇಟ್ಟುಕೊಂಡಿರುತ್ತದೆ. ಸಮುದ್ರದ ನಡುವೆ ಹಡಗಿನಲ್ಲಿರುವವರು ಮಾತಾಡಿದರೆ ಆ ಮಾತು ಒಂದರಿಂದ ಇನ್ನೊಂದಕ್ಕೆ ದಾಟಿ ದಾಟಿ ನೆಲಕ್ಕೆ ಇಳಿಯುತ್ತದೆ.

ಹಾಗಂತ ಎಲ್ಲ ಗುಂಪುಗಳೂ ಮಾತಾಡಿಕೊಳ್ಳುತ್ತವೆ ಎಂದು ಮಾತ್ರ ಹೇಳಬೇಡಿ. ಉಪಗ್ರಹಗಳಿಗೆ ಕಣ್ಣು ಬಾಯಿ ಬರೆದು, ಕೈ ಕೈ ಹಿಡಿಸಿ, 'ಇವರೆಲ್ಲ ಫ್ರೆಂಡ್ಸು' ಎನ್ನುವ ಚಿತ್ರಗಳು ಬಹಳ ಇವೆ. ನನಗೆ ಅವು ಇಷ್ಟವಿಲ್ಲ. ಆರು ವರ್ಷದ ಮಗುವಿಗೂ ನಿಜವನ್ನೇ ಹೇಳಬಹುದು, ಸ್ವಲ್ಪ ಕಡಿಮೆ ಹೇಳಿದರಾಯಿತು. ಜಿಪಿಎಸ್ ಉಪಗ್ರಹಗಳನ್ನೇ ನೋಡಿ. ನಮ್ಮ ಫೋನಿಗೆ ಜಾಗ ತಿಳಿಸಲು ಅವು ತಮ್ಮ ತಮ್ಮಲ್ಲಿ ಮಾತಾಡಬೇಕಾಗಿಯೇ ಇಲ್ಲ. ಪ್ರತಿಯೊಂದೂ ಹಗಲು ರಾತ್ರಿ ಎರಡೇ ವಿಷಯ ಸಾರುತ್ತಿರುತ್ತದೆ: 'ನಾನು ಇಲ್ಲಿದ್ದೇನೆ, ಈಗ ಗಂಟೆ ಇಷ್ಟು.' ಕೇಳಿಸಿಕೊಂಡು ಲೆಕ್ಕ ಹಾಕುವುದು ಫೋನ್. ಗುಂಪು ಕೆಲಸ ಮಾಡುವುದು ಪ್ರತಿಯೊಂದೂ ತನ್ನ ಜಾಗವನ್ನೂ ತನ್ನ ಗಡಿಯಾರವನ್ನೂ ಸರಿಯಾಗಿ ಇಟ್ಟುಕೊಂಡಿರುವುದರಿಂದ. ನಿಮ್ಮ ಮಕ್ಕಳಿಗೆ ಒಂದೇ ಒಂದು ವಿಷಯ ತಲುಪಿಸಲು ಸಾಧ್ಯವಾದರೆ ಇದನ್ನೇ ತಲುಪಿಸಿ ಎನ್ನುತ್ತೇನೆ.

ಅದಕ್ಕೆ ಅಂಗಳದ ಆಟ ಒಂದು ಇದೆ. ಮೂರು ಗೂಟ ಹುಗಿಯಿರಿ. ಮೂರಕ್ಕೂ ಬೇರೆ ಬೇರೆ ಉದ್ದದ ಹಗ್ಗ ಕಟ್ಟಿ. ಮೂರೂ ಹಗ್ಗದ ತುದಿ ಒಂದು ಕಡೆ ಸೇರುವ ಹಾಗೆ ಮೊದಲೇ ಅಳತೆ ನೋಡಿಕೊಂಡಿರಿ. ಆ ಜಾಗದಲ್ಲಿ ಮಣ್ಣಿನಡಿ ಒಂದು ಚಾಕ್ಲೇಟ್ ಹುದುಗಿಸಿ. ಈಗ ಒಂದು ಮಗುವಿಗೆ ಒಂದೇ ಹಗ್ಗದ ತುದಿ ಕೊಟ್ಟು 'ಹಗ್ಗ ಬಿಗಿಯಾಗಿರಬೇಕು, ಚಾಕ್ಲೇಟ್ ಎಲ್ಲಿದೆ?' ಎಂದು ಕೇಳಿ. ಅದು ಗೂಟದ ಸುತ್ತ ಸುತ್ತುತ್ತದೆ, ಎಲ್ಲಿ ಬೇಕಾದರೂ ಇರಬಹುದು. ಎರಡನೆಯ ಹಗ್ಗವನ್ನೂ ಕೊಡಿ. ಎರಡೂ ಬಿಗಿಯಾಗಿರುವುದು ಎರಡೇ ಜಾಗದಲ್ಲಿ. ಮೂರನೆಯದು ಸೇರಿದರೆ ಒಂದೇ ಜಾಗ ಉಳಿಯುತ್ತದೆ. ಗೂಟಗಳು ಒಂದೇ ಸಾಲಿನಲ್ಲಿ ಇರದ ಹಾಗೆ ನೋಡಿಕೊಳ್ಳಿ, ಇಲ್ಲದಿದ್ದರೆ ಆಟ ಕೆಡುತ್ತದೆ. ಆಮೇಲೆ ಯಾರಿಗೂ ಹೇಳದೆ ಒಂದು ಗೂಟವನ್ನು ಎರಡು ಹೆಜ್ಜೆ ಸರಿಸಿ ಹುಗಿದು ಮತ್ತೆ ಆಡಿಸಿ. ಈಗ ಮೂರೂ ಹಗ್ಗ ಬಿಗಿಯಾಗಿ ಒಂದೇ ಕಡೆ ಸೇರುವುದೇ ಇಲ್ಲ, ಎಲ್ಲಿ ಅಗೆಯಬೇಕೆಂದು ಗೊತ್ತಾಗುವುದಿಲ್ಲ. ಒಬ್ಬರು ತಮ್ಮ ಜಾಗ ತಪ್ಪಿದರೆ ಮೂವರ ಕೆಲಸವೂ ಹಾಳು ಎನ್ನುವುದು ಮಕ್ಕಳಿಗೆ ಚೆನ್ನಾಗಿ ತಲುಪುತ್ತದೆ. ಚಾಕ್ಲೇಟ್ ಸಿಗದಿದ್ದರೆ ಯಾವ ಮಗು ಮರೆಯುತ್ತದೆ ಹೇಳಿ!

ಆಕಾಶದಲ್ಲಿ ಹಗ್ಗ ಇಲ್ಲವಲ್ಲ, ದೂರ ಹೇಗೆ ಗೊತ್ತಾಗುತ್ತದೆ? ಮುಂಗಾರಿಗೆ ಮೊದಲು, ಏಪ್ರಿಲ್ ಮೇ ತಿಂಗಳ ಗುಡುಗು ನಿಮ್ಮ ಕಡೆ ಜೋರು. ಮಿಂಚು ಕಂಡ ಕೂಡಲೇ ಎಣಿಸಲು ಶುರು ಮಾಡಿ ಗುಡುಗು ಕೇಳಿದಾಗ ನಿಲ್ಲಿಸುವುದು. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಕೋಣೆಯ ಒಳಗೆ ಕೂತೇ ಎಣಿಸಬೇಕು, ಅಂಗಳಕ್ಕಾಗಲಿ ಮರದಡಿಗಾಗಲಿ ಹೋಗಬಾರದು. ಶಬ್ದ ಬರಲು ಹಿಡಿದ ಹೊತ್ತಿನಿಂದ ದೂರ ಗೊತ್ತಾಗುತ್ತದೆ ಎಂದು ಅವರಿಗೆ ಹೊಳೆದರೆ, ಫೋನ್ ಕೂಡ ಹೀಗೆಯೇ ಎಣಿಸುತ್ತದೆ ಎಂದು ಹೇಳಬಹುದು. ಆದರೆ ರೇಡಿಯೋ ಅಲೆ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಹೋಗುತ್ತದೆ. ಜಿಪಿಎಸ್‌ನಿಂದ ನಮ್ಮವರೆಗೆ ಬರಲು ಸೆಕೆಂಡಿನ ಹತ್ತನೇ ಒಂದು ಪಾಲೂ ಬೇಡ. ಗಡಿಯಾರ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ಜಾಗ 300 ಮೀಟರ್ ತಪ್ಪುತ್ತದೆ. ಅದಕ್ಕೇ ಆ ಉಪಗ್ರಹಗಳಲ್ಲಿ ಪರಮಾಣು ಗಡಿಯಾರ ಇರುತ್ತದೆ. ಫೋನಿನ ಗಡಿಯಾರ ಅಷ್ಟು ನಿಖರ ಅಲ್ಲ. ಆ ತಪ್ಪನ್ನು ಸರಿಪಡಿಸಲು ನಾಲ್ಕನೆಯ ಉಪಗ್ರಹ ಬೇಕಾಗುತ್ತದೆ. ಇದು ನಿಮ್ಮ ತಿಳಿವಳಿಕೆಗೆ ಮಾತ್ರ, ಮಕ್ಕಳಿಗೆ ಮೂರು ಹಗ್ಗವೇ ಸಾಕು.

ಜಿಪಿಎಸ್ ಗುಂಪಿಗೆ ಕನಿಷ್ಠ 24 ಉಪಗ್ರಹ ಬೇಕು, ಮೇಲೆ ಅದಕ್ಕಿಂತ ಜಾಸ್ತಿಯೇ ಇವೆ. ನಾಲ್ಕು ಸಾಕು ಎಂದ ಮೇಲೆ 24 ಯಾಕೆ? ಇದಕ್ಕೆ ನಿಮ್ಮ ಊರಿಗಿಂತ ಒಳ್ಳೆಯ ಜಾಗ ಇಲ್ಲ. ಮಕ್ಕಳನ್ನು ಮೊದಲು ಗುಡ್ಡದ ನೆತ್ತಿಯ ಬ್ಯಾಣಕ್ಕೆ, ಅಂದರೆ ಹುಲ್ಲುಗಾವಲಿಗೆ, ಕರೆದುಕೊಂಡು ಹೋಗಿ ಸುತ್ತ ಎಷ್ಟು ಆಕಾಶ ಕಾಣುತ್ತದೆ ನೋಡಲು ಹೇಳಿ. ಆಮೇಲೆ ಅಡಿಕೆ ತೋಟಕ್ಕೆ ಇಳಿಸಿ. ಎರಡೂ ಕಡೆ ಗುಡ್ಡ, ಮೇಲೆ ಅಡಿಕೆ ಸೋಗೆ, ನಡುವೆ ಚೂರು ಆಕಾಶ. ಅರ್ಧ ಭೂಮಿ ಬೇರೆ ಯಾವಾಗಲೂ ಆ ಕಡೆಗಿರುತ್ತದೆ, ಅಲ್ಲಿನ ಉಪಗ್ರಹ ನಮಗೆ ಕಾಣುವುದಿಲ್ಲ. ಎಷ್ಟು ಹೊತ್ತಿನಲ್ಲಿ, ಎಲ್ಲಿ ನಿಂತು ನೋಡಿದರೂ ನಾಲ್ಕಾದರೂ ಕಾಣಬೇಕು ಎಂದರೆ ಸುತ್ತಲೂ ಬಹಳ ಇರಬೇಕು. ತೋಟದೊಳಗೆ ಮ್ಯಾಪಿನ ನೀಲಿ ಚುಕ್ಕೆ ಅತ್ತಿತ್ತ ಜಿಗಿಯುವುದು ಇದೇ ಕಾರಣಕ್ಕೆ. ಇನ್ನೊಂದು ಮಾತು. ಆಗುಂಬೆ ಘಾಟಿಯಲ್ಲಿ ನೆಟ್‌ವರ್ಕ್ ಹೋದರೂ ನೀಲಿ ಚುಕ್ಕೆ ಮುಂದೆ ಹೋಗುತ್ತಿರುವುದನ್ನು ಯಾರಾದರೂ ಮಗು ನೋಡಿರಬಹುದು. ಟವರ್ ಬೇರೆ, ಉಪಗ್ರಹ ಬೇರೆ. ಮ್ಯಾಪನ್ನು ಮೊದಲೇ ಇಳಿಸಿಕೊಂಡಿದ್ದರೆ ನಿಮ್ಮ ಶಾಲೆಯಲ್ಲೂ ಇದನ್ನು ತೋರಿಸಬಹುದು, ಗುಡ್ಡ ಹತ್ತಬೇಕಾಗಿಲ್ಲ.

ಮೂರನೆಯ ಬಗೆಯ ಗುಂಪು ಚಿಕ್ಕದು, ಎರಡೇ ಉಪಗ್ರಹಗಳ ಜೋಡಿ. ನನಗೆ ತುಂಬಾ ಇಷ್ಟವಾದದ್ದು ಪ್ರೋಬಾ-3. ಯುರೋಪಿನವರು ಮಾಡಿದ ಈ ಜೋಡಿಯನ್ನು 2024ರ ಡಿಸೆಂಬರ್ 5ರಂದು ನಮ್ಮ ಪಿಎಸ್‌ಎಲ್‌ವಿ ರಾಕೆಟ್ ಶ್ರೀಹರಿಕೋಟಾದಿಂದ ಮೇಲಕ್ಕೆ ಒಯ್ದಿತು. ಒಂದು ಉಪಗ್ರಹ ಸೂರ್ಯನಿಗೆ ಅಡ್ಡ ನಿಲ್ಲುತ್ತದೆ. ಅದರ ನೆರಳು 150 ಮೀಟರ್ ಹಿಂದಿರುವ ಇನ್ನೊಂದರ ಕ್ಯಾಮೆರಾದ ಮೇಲೆ ಬೀಳುತ್ತದೆ. ಅಂದರೆ ಅವು ತಾವೇ ಒಂದು ಸೂರ್ಯಗ್ರಹಣ ಮಾಡಿಕೊಳ್ಳುತ್ತವೆ. ಗ್ರಹಣದ ಹೊತ್ತಿನಲ್ಲಿ ಮಾತ್ರ ಚೆನ್ನಾಗಿ ಕಾಣುವ ಸೂರ್ಯನ ಸುತ್ತಲಿನ ಮಸುಕು ಬೆಳಕನ್ನು ಗಂಟೆಗಟ್ಟಲೆ ನೋಡಬಹುದು. ಅದಕ್ಕಾಗಿ ಎರಡರ ನಡುವಿನ ಜಾಗ ಒಂದು ಮಿಲಿಮೀಟರಿನಷ್ಟೂ ಆಚೆ ಈಚೆ ಆಗದ ಹಾಗೆ ಹಾರಬೇಕು. 2025ರಲ್ಲಿ ಚಿತ್ರಗಳೂ ಬಂದವು.

ಇದರ ಆಟ ಸುಲಭ. ಬೆಳಗಿನ ಬಿಸಿಲಿನಲ್ಲಿ ಒಂದು ಮಗುವಿನ ಕೈಗೆ ಅಡಿಕೆ ಹಾಳೆಯ ತಟ್ಟೆ ಕೊಡಿ. ಇನ್ನೊಂದು ಮಗುವಿಗೆ ನಡುವೆ ಸಣ್ಣ ಚಕ್ರ ಬರೆದ ರಟ್ಟು ಕೊಡಿ. ತಟ್ಟೆಯ ನೆರಳು ರಟ್ಟಿನ ಚಕ್ರದ ಮೇಲೇ ಬೀಳುತ್ತಿರಬೇಕು, ಇಬ್ಬರೂ ಅಂಗಳ ದಾಟಬೇಕು. ಇಬ್ಬರೂ ಸೂರ್ಯನಿಗೆ ಬೆನ್ನು ಹಾಕಿರಬೇಕು, ಯಾರೂ ಸೂರ್ಯನ ಕಡೆ ಕಣ್ಣೆತ್ತಬಾರದು, ನೋಟವೆಲ್ಲ ನೆರಳಿನ ಮೇಲೆ. ಮೊದಲು ಒಂದು ಹೆಜ್ಜೆ ದೂರದಲ್ಲಿ ಆಡಿಸಿ, ಆಮೇಲೆ ನಾಲ್ಕು ಹೆಜ್ಜೆ. ದೂರ ಹೆಚ್ಚಾದಂತೆ ಎಷ್ಟು ಕಷ್ಟ ಎಂದು ಮಕ್ಕಳಿಗೆ ಕೈಯಲ್ಲೇ ಗೊತ್ತಾಗುತ್ತದೆ. ಇಲ್ಲಿ ಮಾತು ಬೇಕೇ ಬೇಕು. 'ಸ್ವಲ್ಪ ಎಡಕ್ಕೆ, ಸಾಕು, ನಿಲ್ಲು' ಎನ್ನುತ್ತಲೇ ಹೋಗುತ್ತಾರೆ. ಪ್ರೋಬಾದ ಜೋಡಿಯೂ ಹೀಗೆಯೇ ಒಂದು ಇನ್ನೊಂದನ್ನು ಅಳೆಯುತ್ತಲೇ, ತನ್ನನ್ನು ತಿದ್ದಿಕೊಳ್ಳುತ್ತಲೇ ಹಾರುತ್ತದೆ.

ದೊಡ್ಡ ಮಕ್ಕಳಿಗೆ ಗ್ರೇಸ್ ಎಂಬ ಜೋಡಿಯ ಕತೆಯನ್ನೂ ಹೇಳಬಹುದು. 2002ರಲ್ಲಿ ಹೋದ ಅವಳಿ ಉಪಗ್ರಹಗಳು. ವಿಜ್ಞಾನಿಗಳು ಅವಕ್ಕೆ ಟಾಮ್ ಮತ್ತು ಜೆರ್ರಿ ಎಂದು ಅಡ್ಡಹೆಸರು ಇಟ್ಟಿದ್ದರು. ಸುಮಾರು 220 ಕಿಲೋಮೀಟರ್ ಅಂತರದಲ್ಲಿ ಒಂದರ ಹಿಂದೆ ಒಂದು ಹೋಗುತ್ತಿದ್ದವು. ಶಿವಮೊಗ್ಗದಿಂದ ಬೆಂಗಳೂರಿಗೆ ಎಳೆದ ನೇರ ಗೆರೆಗಿಂತ ಸ್ವಲ್ಪ ಕಡಿಮೆ. ಕೆಳಗೆ ನೀರೋ ಬೆಟ್ಟವೋ ಜಾಸ್ತಿ ಇದ್ದ ಕಡೆ ಭೂಮಿಯ ಸೆಳೆತ ಒಂಚೂರು ಹೆಚ್ಚು. ಮುಂದಿನದು ಮೊದಲು ಸೆಳೆಯಲ್ಪಟ್ಟು ಸ್ವಲ್ಪ ಮುಂದೆ ಹೋಗುತ್ತದೆ, ಅಂತರ ಬೆಳೆಯುತ್ತದೆ. ದಾಟಿದ ಮೇಲೆ ಅದೇ ಸೆಳೆತ ಅದನ್ನು ಹಿಂದಕ್ಕೆ ಎಳೆಯುತ್ತದೆ, ಅಷ್ಟರಲ್ಲಿ ಹಿಂದಿನದು ಹತ್ತಿರ ಬಂದಿರುತ್ತದೆ, ಅಂತರ ಕುಗ್ಗುತ್ತದೆ. ಅಂತರದಲ್ಲಿ ಕೂದಲೆಳೆಯ ದಪ್ಪಕ್ಕಿಂತ ಕಡಿಮೆ ಬದಲಾವಣೆಯಾದರೂ ಅವು ಅಳೆಯುತ್ತಿದ್ದವು. ಪಂಜಾಬ್, ಹರಿಯಾಣ, ರಾಜಸ್ಥಾನದಲ್ಲಿ ಬೋರ್‌ವೆಲ್ಲಿನ ನೀರು ಎಳೆದು ಎಳೆದು ನೆಲದೊಳಗಿನ ನೀರು ಎಷ್ಟು ಕಡಿಮೆಯಾಗುತ್ತಿದೆ ಎಂದು 2009ರಲ್ಲಿ ಲೋಕಕ್ಕೆ ಗೊತ್ತಾದದ್ದು ಈ ಜೋಡಿಯಿಂದ. ಒಂದೇ ಉಪಗ್ರಹ ಎಷ್ಟೇ ದೊಡ್ಡದಿದ್ದರೂ ಈ ರೀತಿಯಲ್ಲಿ ಅಳೆಯಲು ಆಗುತ್ತಿರಲಿಲ್ಲ, ಯಾಕೆಂದರೆ ಇಲ್ಲಿ ಅಳೆಯುವುದೇ ಇಬ್ಬರ ನಡುವಿನ ದೂರವನ್ನು. 2018ರಿಂದ ಇನ್ನೊಂದು ಅವಳಿ ಜೋಡಿ ಅದೇ ಕೆಲಸ ಮಾಡುತ್ತಿದೆ.

ಡಿಕ್ಕಿ ಹೊಡೆಯಲ್ವಾ ಎಂದರೆ, ಹೊಡೆದಿದೆ ಎಂದೇ ಹೇಳಿ. 2009ರ ಫೆಬ್ರವರಿ 10ರಂದು ಇರಿಡಿಯಂ ಗುಂಪಿನ ಒಂದು ಉಪಗ್ರಹಕ್ಕೂ ಕೆಟ್ಟು ಸುಮ್ಮನೆ ಸುತ್ತುತ್ತಿದ್ದ ರಷ್ಯಾದ ಒಂದು ಉಪಗ್ರಹಕ್ಕೂ ಡಿಕ್ಕಿಯಾಗಿ ಎರಡೂ ಚೂರುಚೂರಾದವು. ಎಂಜಿನ್ ಇರುವವು ಪಕ್ಕಕ್ಕೆ ಸರಿಯಬಹುದು, ಕೆಟ್ಟದ್ದು ಸರಿಯಲಾರದು. ನೆಲದಿಂದ ರಾಡಾರ್ ಹಿಡಿದು ಕಾಯುವವರಿದ್ದಾರೆ, ಹತ್ತಿರ ಬಂದರೆ ಎಚ್ಚರಿಸುತ್ತಾರೆ. ಇಷ್ಟು ಸಾಕು, ಮಕ್ಕಳನ್ನು ಹೆದರಿಸುವಂಥದ್ದು ಏನೂ ಇಲ್ಲ.

ಒಂದು ಹಾಳಾದರೆ ಎಂಬ ಪ್ರಶ್ನೆಗೆ ನಮ್ಮ ದೇಶದ ಕತೆಯೇ ಇದೆ. ಜಿಪಿಎಸ್ ಅಮೆರಿಕದ್ದು. ನಮ್ಮದೇ ಬೇಕು ಎಂದು ಇಸ್ರೋ ಏಳು ಉಪಗ್ರಹಗಳ ನಾವಿಕ್ ಗುಂಪು ಕಟ್ಟಿತು. ಭಾರತ ಮತ್ತು ಅಕ್ಕಪಕ್ಕದ ಜಾಗಕ್ಕೆ ಮಾತ್ರ ಆದ್ದರಿಂದ ಏಳು ಸಾಕು. ಬ್ಯಾಟರಿ ಆಟ ಆಡಿದ ಮಕ್ಕಳಿಗೆ ಇದು ತಾನಾಗಿಯೇ ಅರ್ಥವಾಗುತ್ತದೆ. ಮೊದಲನೆಯದು ಹೋದದ್ದು 2013ರ ಜುಲೈ 1ರಂದು, ಏಳನೆಯದು 2016ರ ಏಪ್ರಿಲ್ 28ರಂದು. ಆಮೇಲೆ ಮೊದಲನೆಯದರ ಗಡಿಯಾರಗಳು ಕೆಟ್ಟವು, ಮೂರಕ್ಕೆ ಮೂರೂ. ಉಪಗ್ರಹ ಮೇಲೆ ಚೆನ್ನಾಗಿಯೇ ಸುತ್ತುತ್ತಿತ್ತು. ಆದರೆ ಗಂಟೆ ಎಷ್ಟು ಎಂದು ಹೇಳಲಾಗದಿದ್ದರೆ ಈ ಗುಂಪಿನಲ್ಲಿ ಅದಕ್ಕೆ ಕೆಲಸವಿಲ್ಲ. ಅದರ ಬದಲಿಗೆ 2017ರ ಆಗಸ್ಟ್ 31ರಂದು ಇನ್ನೊಂದನ್ನು ಕಳಿಸಿದರು. ರಾಕೆಟ್ಟಿನ ತಲೆಯ ಮೇಲಿನ ಮುಚ್ಚಳ ಬಿಚ್ಚಿಕೊಳ್ಳಲೇ ಇಲ್ಲ, ಉಪಗ್ರಹ ಒಳಗೇ ಉಳಿಯಿತು. ಮತ್ತೆ 2018ರ ಏಪ್ರಿಲ್ 12ರಂದು ಇನ್ನೊಂದು ಹೋಯಿತು. ಅದು ಸರಿಯಾಗಿ ತನ್ನ ಜಾಗ ಸೇರಿತು. ಆಗೆಲ್ಲ ಗಡಿಯಾರ ಹೊರದೇಶದ್ದು. 2023ರ ಮೇ 29ರಂದು ಹೋದ ಎನ್‌ವಿಎಸ್-01 ಉಪಗ್ರಹದಲ್ಲಿ ನಮ್ಮಲ್ಲೇ ಮಾಡಿದ ಪರಮಾಣು ಗಡಿಯಾರ ಇತ್ತು. ಈ ಕತೆ ಹೇಳುವಾಗ ಮುಚ್ಚಳ ಬಿಚ್ಚದ ಭಾಗವನ್ನು ಬಿಡಬೇಡಿ. ಮಕ್ಕಳು ಅದನ್ನೇ ಮತ್ತೆ ಮತ್ತೆ ಕೇಳುತ್ತಾರೆ.

ಇವನ್ನೆಲ್ಲ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದರೆ ನಕ್ಷೆ ತೆಗೆದು ಹಾಸನ ತೋರಿಸಿ. 36,000 ಕಿಲೋಮೀಟರ್ ಎತ್ತರದ ನಮ್ಮ ಉಪಗ್ರಹಗಳನ್ನು ಅಲ್ಲಿನ ಇಸ್ರೋ ಕೇಂದ್ರದಿಂದ 1982ರಿಂದಲೂ ಹಗಲು ರಾತ್ರಿ ಪಾಳಿಯ ಮೇಲೆ ನೋಡಿಕೊಳ್ಳುತ್ತಿದ್ದಾರೆ. ಉಪಗ್ರಹ ಜಾಗದಿಂದ ಸರಿದರೆ ಮತ್ತೆ ಜಾಗಕ್ಕೆ ತರುವ ಆಜ್ಞೆ ಹೋಗುವುದು ಇಂಥ ಕೋಣೆಗಳಿಂದ. ಭೋಪಾಲದಲ್ಲಿ ಇನ್ನೊಂದು ಕೇಂದ್ರ ಇದೆ.

ಎಲ್ಲವನ್ನೂ ಒಂದೇ ವಾರದಲ್ಲಿ ಮುಗಿಸಬೇಡಿ. ಒಂದನೇ ಕ್ಲಾಸಿನವರಿಗೆ ಚೆಂಡು, ಬ್ಯಾಟರಿ ಮತ್ತು ನೆರಳಿನ ಆಟ ಸಾಕು. ಹಗ್ಗದ ಆಟದಲ್ಲಿ ಅವರು ಗೂಟ ಹಿಡಿದು ನಿಲ್ಲಲಿ. ಗುಡುಗು ಎಣಿಸುವುದು, ಗ್ರೇಸ್, ನಾವಿಕ್ ಎಲ್ಲ ಮೂರನೆಯವರಿಗೆ. ಆಕಾಶ ನೋಡಲು ಮಳೆಗಾಲದಲ್ಲಿ ಪ್ರಯತ್ನಿಸಿ ಪ್ರಯೋಜನವಿಲ್ಲ. ಡಿಸೆಂಬರಿನಿಂದ ಮಾರ್ಚ್‌ವರೆಗೆ, ಸೂರ್ಯ ಮುಳುಗಿ ಮುಕ್ಕಾಲು ಗಂಟೆಯ ನಂತರ ತೆರೆದ ಜಾಗದಲ್ಲಿ ನಿಲ್ಲಿ. ಬೈನಾಕ್ಯುಲರ್ ಬೇಡ. ಕೆಂಪು ದೀಪ ಮಿಣುಕಿದರೆ ವಿಮಾನ. ಮಿಣುಕದೆ ಒಂದೇ ಸಮನೆ ಹೋಗುವ ಚುಕ್ಕೆ ಉಪಗ್ರಹ. ಅದು ನಡು ಆಕಾಶದಲ್ಲಿ ಮಂಕಾಗಿ ಮಾಯವಾದರೆ ಭೂಮಿಯ ನೆರಳಿನೊಳಗೆ ಹೋಯಿತು ಎಂದರ್ಥ. ಮಾಯವಾದದ್ದು ಎಲ್ಲಿ ಎಂದು ಮಕ್ಕಳಿಂದ ಒಂದು ಪುಸ್ತಕದಲ್ಲಿ ಗುರುತು ಹಾಕಿಸಿ, ಹೊತ್ತನ್ನೂ ಬರೆಸಿ. ಸಂಜೆ ತಡವಾದಷ್ಟೂ ಆ ಜಾಗ ಪಶ್ಚಿಮದ ಕಡೆಗೆ ಸರಿಯುತ್ತದೆ. ಯಾಕೆ ಎಂದು ಅವರು ಕೇಳಿದ ದಿನ ಆ ಪುಸ್ತಕದ ಫೋಟೋ ತೆಗೆದು ನನಗೆ ಕಳಿಸಿ, ಮುಂದಿನ ಪಾಠವನ್ನು ಅಲ್ಲಿಂದಲೇ ಮಾಡೋಣ.